ಕೋಳಿಗೂ ಅಕ್ಕನಿಗೂ ಒಂದೇ ಪಥ್ಯ

ನನ್ನ ಗಂಡನ ಅಕ್ಕ ಕಲ್ಯಾಣದುರ್ಗದಲ್ಲಿ ಮೊಟ್ಟೆ ಅಂಗಡಿ ಇಟ್ಟುಕೊಂಡಿದ್ದಾರೆ. ಈರುಳ್ಳಿ, ಹುಣಸೆಹಣ್ಣೂ ಅಲ್ಲಿ ಸಿಗುತ್ತವೆ, ಆದರೆ ಊರಿನವರಿಗೆಲ್ಲ ಅದು ಮೊಟ್ಟೆಯಕ್ಕನ ಅಂಗಡಿ. ನಾನೂ ಅವರನ್ನು ಅಕ್ಕ ಎಂದೇ ಕರೆಯುವುದು. ಗಂಡ ಹೋದ ಮೇಲೆ ಆ ಅಂಗಡಿಯಿಂದಲೇ ಮಕ್ಕಳನ್ನು ಸಾಕಿ, ಓದಿಸಿ, ಮದುವೆ ಮಾಡಿದವರು. ಈಗ ಮಗ, ಸೊಸೆ ಜೊತೆಗಿದ್ದಾರೆ. ಆದರೂ ಗಲ್ಲಾದ ಪಕ್ಕದ ಮಣೆ ಅಕ್ಕನದೇ. ಕೋಪ ಬಂದರೆ ತೆಲುಗು, ಪ್ರೀತಿ ಬಂದರೆ ಕನ್ನಡ, ವ್ಯಾಪಾರಕ್ಕೆ ಎರಡೂ.

ನಮ್ಮದು ಹಿಂದೂಪುರದ ಪಕ್ಕ, ಪರಿಗಿ ಕಡೆ, ಒಂದು ಕೋಳಿ ಫಾರಂ. ಮೊಟ್ಟೆ ಇಡುವ ಬಿಳಿ ಕೋಳಿಗಳು. ವಾರಕ್ಕೆರಡು ಸಲ ನಮ್ಮ ಯಜಮಾನರು ಟೆಂಪೋದಲ್ಲಿ ಟ್ರೇಗಳನ್ನು ಜೋಡಿಸಿಕೊಂಡು ಮಡಕಶಿರಾ, ಪಾವಗಡ ದಾಟಿ ಕಲ್ಯಾಣದುರ್ಗಕ್ಕೆ ಹೋಗುತ್ತಾರೆ. ಆಂಧ್ರದಲ್ಲಿ ಹುಟ್ಟಿದ ಮೊಟ್ಟೆ ಒಂದಷ್ಟು ದೂರ ಕರ್ನಾಟಕವನ್ನು ನೋಡಿಕೊಂಡು ಮತ್ತೆ ಆಂಧ್ರ ಸೇರುತ್ತದೆ. ಅಲ್ಲಿ ಅಕ್ಕ ಪ್ರತಿ ಟ್ರೇಯಿಂದ ಎರಡು ಮೊಟ್ಟೆ ಎತ್ತಿ, ಕಿವಿಯ ಹತ್ತಿರ ಹಿಡಿದು, ಮೆಲ್ಲಗೆ ಒಂದಕ್ಕೊಂದು ತಾಗಿಸುತ್ತಾರೆ. ಟಿಂಗ್ ಎಂದರೆ ಪಾಸು. ಟಪ್ ಎಂದರೆ ತಮ್ಮನಿಗೆ ಅರ್ಚನೆ.

ಆ ವರ್ಷ ಯುಗಾದಿ ಕಳೆದದ್ದೇ ತಡ, ಬಿಸಿಲು ಕೆರಳಿತು. ಫಾರಂನ ತಗಡಿನ ಸೂರಿನ ಮೇಲೆ ಕಾಗೆಯೂ ಕೂರುತ್ತಿರಲಿಲ್ಲ. ಒಳಗೆ ಕೋಳಿಗಳೆಲ್ಲ ಕೊಕ್ಕು ತೆರೆದು, ರೆಕ್ಕೆ ದೂರ ಹಿಡಿದು ಏದುಸಿರು ಬಿಡುತ್ತಿದ್ದವು. ಮೇವು ಹಾಕಿದರೆ ಮೂಸಿ ಬಿಡುವುದು, ನೀರು ಮಾತ್ರ ಬಿಡದೆ ಕುಡಿಯುವುದು. ಮೊಟ್ಟೆಯ ಸಿಪ್ಪೆ ತೆಳ್ಳಗಾಗುತ್ತಾ ಬಂತು. ಕೆಲವನ್ನು ಕೈಯಲ್ಲಿ ಹಿಡಿದರೆ ಹಪ್ಪಳ ಹಿಡಿದ ಹಾಗೆ ಭಯವಾಗುತ್ತಿತ್ತು. ಇಂಥ ಮೊಟ್ಟೆಯನ್ನು ಪಾವಗಡದ ರಸ್ತೆಯ ಹಳ್ಳಗಳ ಮೇಲೆ ಕುಣಿಸಿಕೊಂಡು ಹೋದರೆ ಏನಾಗಬೇಕೋ ಅದೇ ಆಯಿತು.

ಟೆಂಪೋ ಅಂಗಡಿಯ ಮುಂದೆ ನಿಂತಾಗ ಕೆಳಗಿನ ಟ್ರೇಗಳಿಂದ ಲೋಳೆ ತೊಟ್ಟಿಕ್ಕುತ್ತಿತ್ತಂತೆ. ಅಕ್ಕ ಸೆರಗು ಸಿಕ್ಕಿಸಿಕೊಂಡು ಇಳಿದು ಬಂದರು. ತೆಲುಗಿನಲ್ಲಿ ಶುರು ಮಾಡಿದರು. ತಮ್ಮನ ಕೋಳಿ, ತಮ್ಮನ ಟೆಂಪೋ, ಕೊನೆಗೆ ತಮ್ಮನ ಬುದ್ಧಿ, ಹೀಗೆ ಒಂದೊಂದನ್ನೇ ವಿಚಾರಿಸಿಕೊಳ್ಳುತ್ತಾ ಒಂದು ಹೆಜ್ಜೆ ಮುಂದಿಟ್ಟವರು ಆ ಲೋಳೆಯ ಮೇಲೇ ಕಾಲಿಟ್ಟರು. ಬೀಳುವಾಗಲೂ ಬೈಗುಳ ನಿಂತಿರಲಿಲ್ಲ, ಕೆಳಗೆ ಕೂತ ಮೇಲೆ ವಾಕ್ಯ ಪೂರ್ತಿ ಮಾಡಿದರು ಎಂದು ನಮ್ಮ ಯಜಮಾನರು ಈಗಲೂ ಹೇಳುತ್ತಾರೆ. ಆಮೇಲೆ ಬಲಗೈ ನೋಡಿಕೊಂಡರೆ ಮಣಿಕಟ್ಟು ಸೊಟ್ಟಗಾಗಿತ್ತು.

ಅಲ್ಲಿಯೇ ಒಂದು ಪಟ್ಟಿ ಕಟ್ಟಿಸಿ, ಅದೇ ಟೆಂಪೋದಲ್ಲಿ ಹಿಂದೂಪುರಕ್ಕೆ ಕರೆದುಕೊಂಡು ಬಂದರು. ಮೂಳೆ ಡಾಕ್ಟರು ಪ್ಲಾಸ್ಟರಿನ ಹಿಟ್ಟು ಹಾಕಿ ಕಟ್ಟಿದ ಮೇಲೆ ಇನ್ನೊಂದು ಮಾತು ಹೇಳಿದರು. ನಿಂತ ನೆಲದಲ್ಲಿ ಜಾರಿ ಬಿದ್ದಷ್ಟಕ್ಕೆ ಮೂಳೆ ಹೀಗೆ ಮುರಿಯಬಾರದು, ಇವರ ಮೂಳೆಯಲ್ಲಿ ಸುಣ್ಣದಂಶ ಇಳಿದಿದೆ, ಕ್ಯಾಲ್ಸಿಯಂ ಮಾತ್ರೆ, ಡಿ ವಿಟಮಿನ್ನು, ಬೆಳಗಿನ ಎಳೆಬಿಸಿಲು ಬೇಕು ಅಂತ. ಅಕ್ಕ ಕೈಗಿಂತ ಹೆಚ್ಚಾಗಿ ಆ ಮಾತಿಗೆ ನೊಂದರು. ಈರುಳ್ಳಿ ಮೂಟೆ ಎತ್ತಿದ ಮೈ ಅದು. ದಾರಿಯುದ್ದಕ್ಕೂ, ತನ್ನ ಮೂಳೆಯನ್ನು ಆ ಡಾಕ್ಟರು ಸೀಮೆಸುಣ್ಣ ಅಂದುಬಿಟ್ಟ ಎಂದು ದೂರಿದರು.

ಕಲ್ಯಾಣದುರ್ಗಕ್ಕೆ ವಾಪಸು ಬಿಡುತ್ತೇವೆ ಎಂದರೆ ಒಪ್ಪಲಿಲ್ಲ.

"ಮುರಿದೋರೇ ಕಟ್ಟಿಕೊಡ್ಬೇಕು ಕಣಮ್ಮ. ಕೈ ಸರಿ ಹೋಗೋಗಂಟ ಇಲ್ಲೇ ಇರ್ತೀನಿ. ಆ ಕೋಳಿಗಳು ಏನ್ ಮಾಡ್ತಾವೋ ನಾನೇ ನೋಡ್ತೀನಿ" ಎಂದರು.

ಹೀಗೆ ಅಕ್ಕ ನಮ್ಮ ಮನೆಗೆ ಬಂದರು. ಮರುದಿನವೇ ಫಾರಂನ ಬಾಗಿಲಲ್ಲಿ ಅವರಿಗೊಂದು ಪ್ಲಾಸ್ಟಿಕ್ ಕುರ್ಚಿ ಬಿತ್ತು. ಎಡಗೈಯಲ್ಲಿ ಫೋನು, ಬಲಗೈ ಕೊರಳಿಗೆ ಜೋಲಿ. ಫೋನಿನಲ್ಲಿ ಕಲ್ಯಾಣದುರ್ಗದ ಅಂಗಡಿ ನಡೆಸುವುದು, ಫೋನಿಟ್ಟ ಮೇಲೆ ನಮ್ಮ ಫಾರಂ ನಡೆಸುವುದು. ಸೂರಿನ ಮೇಲೆ ಕಬ್ಬಿನ ಸೋಗೆ ಹೊದಿಸಿ ನೀರು ಚಿಮುಕಿಸಬೇಕೆಂದು ಯಜಮಾನರು ಬಹಳ ದಿನಗಳಿಂದ ಹೇಳುತ್ತಲೇ ಇದ್ದರು. ಅಕ್ಕ ಬಂದ ವಾರದಲ್ಲೇ ಸೋಗೆ ಹತ್ತಿತು. ಪಕ್ಕದ ಜಾಲರಿಗೆ ಗೋಣಿಚೀಲ ಕಟ್ಟಿ, ಮಧ್ಯಾಹ್ನವೆಲ್ಲ ಒದ್ದೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಒಂದು ಚೀಲ ಒದ್ದೆ ಮಾಡುವಷ್ಟರಲ್ಲಿ ಹಿಂದಿನ ಚೀಲ ಒಣಗಿದೆ ಎಂದು ಕುರ್ಚಿಯಿಂದ ಸುದ್ದಿ ಬರುತ್ತಿತ್ತು.

ಮಾತ್ರೆಯ ವಿಷಯ ಮಾತ್ರ ಬೇರೆ. ಕ್ಯಾಲ್ಸಿಯಂ ಮಾತ್ರೆ ದೊಡ್ಡದು, ಉದ್ದುದ್ದ. ಇದು ಮನುಷ್ಯರಿಗೋ ಕುದುರೆಗೋ ಎಂದು ಮೊದಲ ದಿನವೇ ಕೇಳಿದರು. ನಾನು ಊಟವಾದ ಮೇಲೆ ಒಂದು ಮಾತ್ರೆ, ಒಂದು ಲೋಟ ನೀರು ಕೊಡುತ್ತಿದ್ದೆ. ಫಾರಂನಲ್ಲಿ ಕೂತು ನುಂಗುತ್ತೇನೆ ಎಂದು ತೆಗೆದುಕೊಂಡು ಹೋಗುತ್ತಿದ್ದರು.

ಸೋಗೆಯಿಂದ ಶೆಡ್ಡು ತಣ್ಣಗಾಯಿತು, ಸಿಪ್ಪೆ ಮಾತ್ರ ಗಟ್ಟಿಯಾಗಲಿಲ್ಲ. ಅಷ್ಟೇ ಅಲ್ಲ, ಕೆಲವು ಕೋಳಿಗಳು ಕೇಜಿನಲ್ಲಿ ಕೂತವು ಏಳುತ್ತಲೇ ಇರಲಿಲ್ಲ. ಕಣ್ಣು ಚುರುಕಾಗಿದೆ, ಕೊಕ್ಕು ಚುರುಕಾಗಿದೆ, ಕಾಲು ಮಾತ್ರ ತಮ್ಮದಲ್ಲ ಎಂಬಂತೆ ಕೂತಿರುತ್ತಿದ್ದವು. ಅಕ್ಕ ಒಂದು ಉಪಾಯ ಹೇಳಿದರು. ಸಿಪ್ಪೆ ಬೇಕಿದ್ದರೆ ಸಿಪ್ಪೆಯನ್ನೇ ತಿನ್ನಿಸಬೇಕು. ಒಡೆದ ಮೊಟ್ಟೆಗಳ ಸಿಪ್ಪೆಯನ್ನು ಕೈಯಲ್ಲೇ ಮುರಿದು ಮೇವಿನ ಮೇಲೆ ಉದುರಿಸಿದರು. ಕೋಳಿಗಳು ಮುಗಿಬಿದ್ದು ತಿಂದವು. ಅಕ್ಕ ನನ್ನ ಕಡೆ ತಿರುಗಿ ನೋಡಿದ ನೋಟದಲ್ಲಿ ಜಗತ್ತನ್ನೇ ಗೆದ್ದ ಕಳೆ ಇತ್ತು.

ಆ ಕಳೆ ವಾರ ಉಳಿಯಲಿಲ್ಲ. ಸಿಪ್ಪೆಯ ರುಚಿ ಹತ್ತಿದ ಕೋಳಿಗಳು ಇಟ್ಟ ಮೊಟ್ಟೆ ಕೆಳಗೆ ಉರುಳುವ ಮೊದಲೇ ಕುತ್ತಿಗೆ ಚಾಚಿ ಕುಕ್ಕತೊಡಗಿದವು. ಬೆಳಿಗ್ಗೆ ಮೊಟ್ಟೆ ಆಯಲು ಹೋದರೆ ಒಂದು ಸಾಲು ಕೋಳಿಗಳು ಹಳದಿ ಮೆತ್ತಿದ ಕೊಕ್ಕಿನಲ್ಲಿ ನನ್ನನ್ನೇ ನೋಡುತ್ತಿದ್ದವು. ಸಂತೆಯಲ್ಲಿ ಐಸ್‌ಕ್ರೀಂ ತಿಂದು ಸಿಕ್ಕಿಬಿದ್ದ ಮಕ್ಕಳ ಹಾಗೆ. ಯಜಮಾನರು ಅಕ್ಕನ ಮುಖ ನೋಡಿದರು. ತಪ್ಪು ಯಾರದೆಂದು ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಸುಮ್ಮನೆ ಹಿಂದೂಪುರಕ್ಕೆ ಹೋಗಿ ಪಶುವೈದ್ಯೆಯನ್ನು ಕರೆದುಕೊಂಡು ಬಂದರು.

ಆಕೆ ಚಿಲಮತ್ತೂರು ಕಡೆಯ ಹುಡುಗಿ. ಮಾತು ಮೆದು, ಕೈ ಚುರುಕು. ಕೂತ ಕೋಳಿಗಳನ್ನು ಒಂದೊಂದಾಗಿ ಹೊರಗೆ ತೆಗೆದು, ಎದೆಯ ಮೂಳೆಯ ಉದ್ದಕ್ಕೂ ಬೆರಳು ಓಡಿಸಿ, ಕಾಲು ಮಡಚಿ ಬಿಡಿಸಿ ನೋಡಿದರು. ರೋಗವೇನಲ್ಲ ಎಂದರು. ಮೊದಲು ಆ ಸಿಪ್ಪೆ ಹಾಕಿದವರು ಯಾರು ಎಂದು ಕೇಳಿದರು. ನಾವಿಬ್ಬರೂ ಸೂರು ನೋಡಿದೆವು. ಅಕ್ಕ ತಾನಾಗಿಯೇ ಜೋಲಿಯ ಕೈ ಎತ್ತಿದರು. ಹುರಿದು ನುಣ್ಣಗೆ ಪುಡಿ ಮಾಡಿದ್ದರೆ ಇಷ್ಟು ರಾದ್ಧಾಂತ ಆಗುತ್ತಿರಲಿಲ್ಲ, ಸಿಪ್ಪೆ ಸಿಪ್ಪೆಯ ಹಾಗೇ ಕಂಡರೆ ಕೋಳಿ ಮೊಟ್ಟೆಯನ್ನು ಗುರುತು ಹಿಡಿಯುತ್ತದೆ ಎಂದು ಡಾಕ್ಟರಮ್ಮ ನಕ್ಕರು.

ಆಮೇಲೆ ಆಕೆ ವಿವರಿಸಿದ್ದು ಹೀಗೆ. ಕೋಳಿಗೆ ಬೆವರಿಲ್ಲ. ಸೆಖೆ ತಡೆಯಲು ಬಾಯಿ ತೆರೆದು ಏದುಸಿರು ಬಿಡುತ್ತದೆ. ಆ ಉಸಿರಿನ ಜೊತೆಗೆ ಸಿಪ್ಪೆ ಕಟ್ಟಲು ಬೇಕಾದದ್ದೂ ಹೊರಗೆ ಹೋಗಿಬಿಡುತ್ತದೆ. ಸೆಖೆಗೆ ಮೇವು ಕಡಿಮೆ ತಿನ್ನುತ್ತದೆ, ಹಾಗಾಗಿ ಸುಣ್ಣದಂಶ ಒಳಗೆ ಬರುವುದೂ ಕಡಿಮೆ. ಆದರೆ ಮೊಟ್ಟೆ ಇಡುವುದನ್ನು ಅದು ಬಿಡುವುದಿಲ್ಲ. ಸಿಪ್ಪೆ ಕಟ್ಟುವ ಕೆಲಸ ಹೆಚ್ಚಾಗಿ ಕತ್ತಲಾದ ಮೇಲೆ. ಆಗ ಹೊಟ್ಟೆಯಲ್ಲಿ ಸುಣ್ಣ ಇಲ್ಲದಿದ್ದರೆ ಕೋಳಿ ತನ್ನ ಮೂಳೆಯನ್ನೇ ಕರಗಿಸಿ ಮೊಟ್ಟೆಗೆ ಹಾಕುತ್ತದೆ. ದಿನಾ ಹೀಗೆ ಮಾಡಿ ಮಾಡಿ ಒಂದು ದಿನ ಕಾಲೇ ನಿಲ್ಲುವುದಿಲ್ಲ.

ಅಕ್ಕ ಡಾಕ್ಟರಮ್ಮನ ತೊಡೆಯ ಮೇಲಿದ್ದ ಕೋಳಿಯನ್ನೇ ನೋಡುತ್ತಿದ್ದರು.

"ಅಲ್ಲಮ್ಮ, ಸಾಕು ಬಿಡು ಅಂತ ಇವ್ಕೆ ಯಾರೂ ಹೇಳೋರಿಲ್ವಾ?" ಎಂದರು.

ಡಾಕ್ಟರಮ್ಮ, "ಮನುಷ್ಯರ್ಗೇ ಹೇಳಿದ್ರೆ ಕೇಳಲ್ಲಮ್ಮ, ಇನ್ನು ಕೋಳಿ ಕೇಳ್ತದಾ" ಎಂದು ಅಕ್ಕನ ಹಿಟ್ಟಿನ ಕಟ್ಟಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದರು.

ಚಿಕಿತ್ಸೆಯೇನೂ ದೊಡ್ಡದಲ್ಲ. ಮೇವು ಬೆಳಗಿನ ತಂಪಿನಲ್ಲಿ, ಸಂಜೆಯ ತಂಪಿನಲ್ಲಿ. ನಡುಮಧ್ಯಾಹ್ನ ಬೇಡ. ಸಂಜೆಯ ಮೇವಿನ ಮೇಲೆ ಕಪ್ಪೆಚಿಪ್ಪಿನ ದಪ್ಪ ನುಚ್ಚು. ನಾವು ಹಾಕುತ್ತಿದ್ದದ್ದು ಬರೀ ಹಿಟ್ಟಿನಂಥ ಸುಣ್ಣಕಲ್ಲಿನ ಪುಡಿ, ಅದು ಬೇಗ ಜಾರಿ ಹೋಗುತ್ತದೆ. ನುಚ್ಚಾದರೆ ಹೊಟ್ಟೆಯಲ್ಲಿ ನಿಂತು ಇರುಳೆಲ್ಲ ನಿಧಾನವಾಗಿ ಕರಗುತ್ತದೆ. ಬಿಸಿಲೇರುವ ಮೊದಲು ಕುಡಿಯುವ ನೀರಿಗೆ ಸಿ ವಿಟಮಿನ್ನು, ಒಂದಿಷ್ಟು ಅಡುಗೆ ಸೋಡಾ. ಮೇವಿಗೆ ಡಿ ವಿಟಮಿನ್ನಿನ ಪುಡಿ. ಕೂತುಬಿಟ್ಟ ಕೋಳಿಗಳನ್ನು ಮಾತ್ರ ಕೇಜಿನಿಂದ ತೆಗೆದು ನೆಲದ ಮೇಲೆ ಬಿಡಬೇಕು. ಹತ್ತಿರದಲ್ಲೇ ನೀರು, ನುಚ್ಚು ಇಡಬೇಕು, ಬೆಳಗಿನ ಎಳೆಬಿಸಿಲು ತಾಗಬೇಕು. ಕೆಲವಾದರೂ ಎದ್ದು ಓಡಾಡುತ್ತವೆ ಎಂದರು.

ಎಳೆಬಿಸಿಲು ಎಂದಾಗ ನಾನು ಅಕ್ಕನ ಕಡೆ ನೋಡಿದೆ. ಅವರು ಬೇರೆ ಕಡೆ ನೋಡಿದರು.

ಮನೆಯ ಹಿಂದಿನ ಬೇವಿನ ಮರದ ಕೆಳಗೆ ಬಲೆ ಕಟ್ಟಿ, ಕಡಲೆಕಾಯಿ ಹೊಟ್ಟು ಹರವಿ, ಕೂತ ಕೋಳಿಗಳನ್ನು ತಂದು ಬಿಟ್ಟೆವು. ಯಜಮಾನರು ಅದಕ್ಕೆ ಆಸ್ಪತ್ರೆ ಎಂದು ಹೆಸರಿಟ್ಟರು. ಅಕ್ಕ ತಮ್ಮ ಕುರ್ಚಿಯನ್ನು ಅಲ್ಲಿಗೆ ಬದಲಾಯಿಸಿಕೊಂಡರು. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಹೋಗಿ ಕೂತರೆ ಕೋಳಿಗಳಿಗೂ ಬಿಸಿಲು, ಅಕ್ಕನಿಗೂ ಬಿಸಿಲು. ಒಂದೊಂದು ಕೋಳಿಯ ಹತ್ತಿರವೂ ಮಾತು. ಒಂದಕ್ಕೆ ಬೈಗುಳ, ಇನ್ನೊಂದಕ್ಕೆ ಉಪದೇಶ. ಅವುಗಳಲ್ಲಿ ಕುತ್ತಿಗೆಯ ಗರಿ ಉದುರಿದ್ದ ಒಂದು ಕೋಳಿ ಇತ್ತು. ಅದರ ಹತ್ತಿರ ಮಾತ್ರ ಕನ್ನಡ.

ವಿಚಿತ್ರವೆಂದರೆ, ಎಲ್ಲಕ್ಕಿಂತ ಮೊದಲು ಎದ್ದು ನಿಂತದ್ದು ಆ ಕುತ್ತಿಗೆ ಬೋಳು ಕೋಳಿಯೇ. ಉಳಿದವು ಇನ್ನೂ ರೆಕ್ಕೆ ಊರಿ ತೆವಳುತ್ತಿದ್ದಾಗ ಅದು ತಾಲೀಮು ಮುಗಿಸಿದ ಪೈಲ್ವಾನನ ಹಾಗೆ ಅಂಗಳ ಸುತ್ತುತ್ತಿತ್ತು. ತನ್ನ ಮಾತಿನ ಮಹಿಮೆ ಎಂದು ಅಕ್ಕ ಹೇಳಿಕೊಂಡರು. ನಾವು ನಂಬಿದೆವು.

ಒಂದು ಸಂಜೆ ಹೊಟ್ಟು ಬದಲಾಯಿಸುತ್ತಿದ್ದಾಗ ಕುರ್ಚಿಯ ಹಿಂದೆ, ಮರದ ಬೇರಿನ ಸಂದಿಯಲ್ಲಿ ನನ್ನ ಕೈಗೆ ಒಂದು ಕುಟ್ಟಾಣಿ ಸಿಕ್ಕಿತು. ಎಲೆ ಅಡಿಕೆ ಕುಟ್ಟುವ ಪುಟ್ಟ ಕುಟ್ಟಾಣಿ, ನಮ್ಮ ಮನೆಯದೇ, ಕಾಣೆಯಾಗಿದೆ ಎಂದು ನಾನು ಹುಡುಕುತ್ತಿದ್ದದ್ದು. ಒಳಗೆಲ್ಲ ಬಿಳಿ ಪುಡಿ. ಬಾಯಲ್ಲಿ ಇಟ್ಟುಕೊಂಡು ನೋಡಿದೆ. ಸುಣ್ಣದ ರುಚಿ, ಜೊತೆಗೆ ಮಾತ್ರೆಗೆ ಹಾಕುವ ವಾಸನೆ. ದಿನಾ ನಾನು ಅಕ್ಕರೆಯಿಂದ ನೀರಿನ ಜೊತೆ ಕೊಡುತ್ತಿದ್ದ ಮಾತ್ರೆಗಳೆಲ್ಲ ಆ ಬೋಳು ಕುತ್ತಿಗೆಯ ಹೊಟ್ಟೆ ಸೇರಿದ್ದವು.

ಕೇಳಿದರೆ ಅಕ್ಕ ಅಳುಕಲಿಲ್ಲ. "ನಂಗೇನಮ್ಮ, ನಾನು ಮೊಟ್ಟೆ ಇಡ್ತೀನಾ? ಇಡೋದು ಅದು. ಅದುಕ್ ಬೇಕು ಅಂತ ಕೊಟ್ಬುಟ್ಟೆ" ಎಂದರು.

ನನಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಡಾಕ್ಟರಮ್ಮ ಹೇಳಿದ್ದು ಕೋಳಿಯ ಕತೆ ಮಾತ್ರವೇ ಎಂದು ಕೇಳಬೇಕೆನಿಸಿತು. ಗಂಡ ಹೋದಾಗಿನಿಂದ ಮಕ್ಕಳು ಉಂಡು ಮಿಕ್ಕಿದ್ದನ್ನು ಉಂಡವರು. ಹಾಲೆಲ್ಲ ಅವರಿಗೆ, ಕಾಫಿಯ ಡಿಕಾಕ್ಷನ್ನು ತನಗೆ. ಮೊಟ್ಟೆ ಅಂಗಡಿಯಲ್ಲಿ ಕೂತು ಒಡೆದ ಮೊಟ್ಟೆಯನ್ನೂ ಮಕ್ಕಳಿಗೇ ಬೇಯಿಸಿ ಹಾಕಿದವರು. ಇದನ್ನೆಲ್ಲ ನನಗೆ ಹೇಳಿದ್ದು ಅಕ್ಕನಲ್ಲ, ಅವರ ಮಗ. ಅವನು ಅದನ್ನು ನಗುತ್ತಾ ಹೇಳಿದ್ದ, ಆಮೇಲೆ ನಗು ನಿಲ್ಲಿಸಿದ್ದ.

"ನೀವೂ ಇಟ್ಟಿದ್ದೀರಿ ಅಕ್ಕ" ಎಂದೆ. "ಎರಡು. ಎರಡೂ ದೊಡ್ಡವಾಗಿ, ಒಂದು ಈಗ ಅಂಗಡಿ ನೋಡ್ಕೊಳ್ತಾ ಐತೆ."

ಅಕ್ಕ ನನ್ನನ್ನು ನೋಡಿದರು. ತೆಲುಗು ಬರುತ್ತದೆ ಎಂದು ಕಾದೆ. ಬರಲಿಲ್ಲ. ಕುಟ್ಟಾಣಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಸೆರಗಿನಿಂದ ಒರೆಸಿ, ಒಳಗೆ ಹೋಗಿ ಅದರ ಜಾಗದಲ್ಲಿಟ್ಟು ಬಂದರು.

ಅಂದಿನಿಂದ ಒಂದು ಒಪ್ಪಂದವಾಯಿತು. ಸಂಜೆ ಕೋಳಿಗಳಿಗೆ ನುಚ್ಚು ಹಾಕುವ ಹೊತ್ತಿಗೆ ಅಕ್ಕನಿಗೂ ಮಾತ್ರೆ. ಅವು ತಿಂದರೆ ಇವರು ನುಂಗಬೇಕು. ಕೋಳಿಗಳು ಎಂದೂ ಮಾತು ತಪ್ಪಲಿಲ್ಲ, ಹಾಗಾಗಿ ಅಕ್ಕನಿಗೂ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಎರಡು ಲೋಟ ಕುಡಿಯುವುದೂ ರೂಢಿಯಾಯಿತು. ಡಿ ವಿಟಮಿನ್ನಿನ ಪುಡಿ ವಾರಕ್ಕೊಮ್ಮೆ ಹಾಲಿನಲ್ಲಿ. ಕೋಳಿಗಳ ಪುಡಿಗೂ ತನ್ನ ಪುಡಿಗೂ ಬಣ್ಣ ಒಂದೇ ಇದೆಯಲ್ಲ ಎಂದು ಅನುಮಾನಪಟ್ಟು, ನನ್ನ ಕೈಯಿಂದ ಎರಡೂ ಪೊಟ್ಟಣ ಓದಿಸಿಕೊಂಡರು. ಒಂದು ದಿನ ಯಜಮಾನರು, ಅಕ್ಕಾ, ನಾಳೆಯಿಂದ ನೀನೂ ಕೂಗಿಬಿಡುತ್ತೀಯೇನೋ ಎಂದು ಹಾಸ್ಯ ಮಾಡಿದರು. ಆ ದಿನ ಅವರಿಗೆ ತೆಲುಗಿನಲ್ಲಿ ಪೂರ್ತಿ ಊಟ ಬಡಿಸಲಾಯಿತು.

ಸಿಪ್ಪೆ ಗಟ್ಟಿಯಾಗುತ್ತಾ ಬಂದದ್ದು ಒಮ್ಮೆಗೇ ಅಲ್ಲ. ಮೊದಲು ಹಪ್ಪಳದಂತಿದ್ದದ್ದು ಕಾಗದದಂತಾಯಿತು, ಆಮೇಲೆ ಮೊಟ್ಟೆಯಂತಾಯಿತು. ಕುಕ್ಕುವ ಚಟ ಹತ್ತಿದ್ದ ಸಾಲಿನಲ್ಲಿ ಮೊಟ್ಟೆಯನ್ನು ಬೇಗ ಬೇಗ ಆಯ್ದು ಆಯ್ದು ನನ್ನ ಬೆನ್ನೇ ಬಾಗಿತು. ಮರದ ಕೆಳಗಿನ ಆಸ್ಪತ್ರೆಯಲ್ಲಿ ಹೆಚ್ಚಿನವು ಎದ್ದವು. ಒಂದೆರಡು ಏಳಲಿಲ್ಲ. ಅವು ಹೋದ ದಿನ ಅಕ್ಕ ಕುರ್ಚಿಯನ್ನು ಹೊರಗೆ ಹಾಕಲಿಲ್ಲ. ಮರುದಿನ ಹಾಕಿದರು.

ಕೈಯ ಕಟ್ಟು ಬಿಚ್ಚಿದಾಗ ಮಣಿಕಟ್ಟು ಬತ್ತಿದ ಸೋರೆಕಾಯಿಯಂತಾಗಿತ್ತು. ಬೆರಳು ಮಡಚಿ ಬಿಚ್ಚಲು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟರು. ಅಕ್ಕ ಚೆಂಡನ್ನು ಮೂಲೆಗೆಸೆದು, ಬಲಗೈಯಲ್ಲೇ ನುಚ್ಚನ್ನು ಹಿಡಿ ಹಿಡಿಯಾಗಿ ತೆಗೆದು ಕೋಳಿಗಳಿಗೆ ಎರಚತೊಡಗಿದರು. ಮೊದಲು ಪಾದದ ಹತ್ತಿರವೇ ಬೀಳುತ್ತಿದ್ದ ನುಚ್ಚು ಬರುಬರುತ್ತಾ ಬಲೆಯ ಆ ಕೊನೆಯವರೆಗೂ ಹೋಗತೊಡಗಿತು. ಮತ್ತೆ ತೋರಿಸಲು ಹೋದಾಗ ಡಾಕ್ಟರು ಕೈ ಒತ್ತಿ ನೋಡಿ, ಮೂಳೆ ಚೆನ್ನಾಗಿ ಕೂಡಿದೆ, ಚೆಂಡು ಕೆಲಸ ಮಾಡಿದೆ ಎಂದರು. ಅಕ್ಕ ವಿನಯದಿಂದ ತಲೆಯಾಡಿಸಿದರು. ಮಾತ್ರೆ ಮಾತ್ರ ಬಿಡಬೇಡಿ, ಮೂಳೆ ತುಂಬಿಕೊಳ್ಳಲು ಬಹಳ ಕಾಲ ಬೇಕು ಎಂದದ್ದಕ್ಕೂ ತಲೆಯಾಡಿಸಿದರು.

ಮೊದಲ ಮಳೆ ಬಿದ್ದ ಮೇಲೆ ಅಕ್ಕ ಊರಿಗೆ ಹೊರಟರು. ಟೆಂಪೋದಲ್ಲಿ ಬಿಡುತ್ತೇನೆ ಎಂದ ತಮ್ಮನಿಗೆ, ಆ ಗಾಡಿ ಹತ್ತುವುದಿಲ್ಲ ಎಂದರು. ಬಸ್ಸಿನಲ್ಲೇ ಹೋಗುವುದು, ಜೊತೆಗೆ ನಾನು. ಮತ್ತೆ ಒಂದು ಬಿದಿರು ಬುಟ್ಟಿ. ಬುಟ್ಟಿಯಲ್ಲಿ ಬೋಳು ಕುತ್ತಿಗೆ, ಅದರ ಗೆಳತಿ ಇನ್ನೊಂದು. ಇವನ್ನು ಮತ್ತೆ ಕೇಜಿಗೆ ಹಾಕುವ ಹಾಗಿಲ್ಲ, ಮಾಂಸದಂಗಡಿಯವನಿಗೆ ಕೊಡುವ ಹಾಗೂ ಇಲ್ಲ ಎಂದು ಅಪ್ಪಣೆಯಾಗಿತ್ತು.

ಹಿಂದೂಪುರದಲ್ಲಿ ಬಸ್ಸು ಹತ್ತಿದೆವು. ಹೆಂಗಸರಿಗೆ ಬಸ್ಸು ಪುಕ್ಕಟೆ. ಕಂಡಕ್ಟರು ನಮ್ಮಿಬ್ಬರ ಆಧಾರ್ ಕಾರ್ಡು ನೋಡಿ ಸೊನ್ನೆ ಟಿಕೆಟ್ಟು ಹರಿದು ಕೊಟ್ಟ. ಅಷ್ಟರಲ್ಲಿ ಬುಟ್ಟಿ ಕೊಕ್ ಎಂದಿತು. ಈ ಕೋಳಿಗಳಿಗೆ ಟಿಕೆಟ್ಟು ಯಾರು ತೆಗೆದುಕೊಳ್ಳುತ್ತಾರೆ ಎಂದು ತೆಲುಗಿನಲ್ಲಿ ಕೇಳಿದ.

ಅಕ್ಕನೂ ತೆಲುಗಿನಲ್ಲೇ, ಬಹಳ ಸಮಾಧಾನವಾಗಿ, "ಆಡವಾಳ್ಳಕಿ ಫ್ರೀ ಕದಾ ನಾಯನಾ? ಇವಿ ಕೂಡಾ ಆಡವೇ" ಎಂದರು. ಹೆಂಗಸರಿಗೆ ಪುಕ್ಕಟೆ ಅಲ್ಲವೇನಪ್ಪ, ಇವೂ ಹೆಣ್ಣೇ.

ಕಂಡಕ್ಟರು ಬುಟ್ಟಿಯನ್ನೂ ಅಕ್ಕನನ್ನೂ ನೋಡಿದ. ಅವನೂ ಕಡಿಮೆಯವನಲ್ಲ. ಹಾಗಾದರೆ ಇವುಗಳ ಆಧಾರ್ ಕಾರ್ಡು ತೋರಿಸಿ ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಮಡಕಶಿರಾ ದಾಟುವವರೆಗೂ ಆ ವಾದ ನಡೆಯಿತು. ಹಿಂದಿನ ಸೀಟಿನ ರೈತರೊಬ್ಬರು ಅಕ್ಕನ ಪರ, ಮುಂದಿನ ಸೀಟಿನ ಮೇಷ್ಟರೊಬ್ಬರು ಕಾನೂನಿನ ಪರ. ಕೊನೆಗೆ ಲಗೇಜು ಟಿಕೆಟ್ಟು ನಾನೇ ತೆಗೆದುಕೊಂಡೆ. ಪಾವಗಡದಲ್ಲಿ ಬಸ್ಸು ನಿಂತಾಗ ಆ ಕಂಡಕ್ಟರೇ ಇಳಿದು ಹೋಗಿ ಬುಟ್ಟಿಗೆಂದು ನೀರು ತಂದುಕೊಟ್ಟ.

ಶ್ರಾವಣದಲ್ಲಿ ನಾನು ಮತ್ತೆ ಕಲ್ಯಾಣದುರ್ಗಕ್ಕೆ ಹೋಗಿದ್ದೆ. ಕೋಳಿಗಳೆರಡೂ ಈರುಳ್ಳಿ ಮೂಟೆಗಳ ಮೇಲೆ ಹತ್ತಿ ಇಳಿದು ಮಾಡುತ್ತಿದ್ದವು. ಬ್ರಹ್ಮಸಮುದ್ರದ ಕಡೆಯಿಂದ ಕೂಲಿಗೆ ಬಂದು ಹೋಗುವ ಹೆಂಗಸರು ಬಸ್ಸಿಗೆ ಕಾಯುತ್ತಾ ಅಂಗಡಿಯ ನೆರಳಿನಲ್ಲಿ ಕೂತಿದ್ದರು. ಅಕ್ಕ ಅವರಲ್ಲಿ ಒಬ್ಬಾಕೆಯ ಕೈ ಹಿಡಿದು, ಮಂಡಿ ಯಾವಾಗಿನಿಂದ ನೋಯುತ್ತದೆ, ಹಾಲು ಮೊಸರು ತಾನು ತಿನ್ನುತ್ತಾಳೋ ಬರೀ ಮನೆಯವರಿಗೆ ಬಡಿಸುತ್ತಾಳೋ ಎಂದು ವಿಚಾರಣೆ ಮಾಡುತ್ತಿದ್ದರು. ಆಕೆ ನಾಚಿಕೊಂಡು ಮಾತು ತಪ್ಪಿಸಲು, ಈ ಕೋಳಿಗಳು ದಿನಾ ಮೊಟ್ಟೆ ಇಡುತ್ತವಾ ಎಂದು ಕೇಳಿದಳು.

"ಇಟ್ರೆ ಇಟ್ವು, ಬಿಟ್ರೆ ಬಿಟ್ವು" ಎಂದರು ಅಕ್ಕ. "ನಾನು ಕೇಳೋಕ್ ಹೋಗಲ್ಲ ಕಣಮ್ಮ."

ಆಮೇಲೆ ಸೊಸೆಯನ್ನು ಕೂಗಿ, ಬಂದವರಿಗೆಲ್ಲ ಮಜ್ಜಿಗೆ ತರಲು ಹೇಳಿದರು. ಮೊದಲ ಲೋಟವನ್ನು ತಾವೇ ಎತ್ತಿಕೊಂಡರು.